ಹೆಂಡತಿಯ ರಿಪೋರ್ಟಿನಲ್ಲಿ ಎಚ್‌ಪಿವಿ ಬಂದರೆ ಗಂಡ ಏನು ಮಾಡಬೇಕು?

ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂದ ಕೂಡಲೇ ನಮ್ಮ ಕಡೆ ಗಂಡಸರು ಎದ್ದು ಹೊರಗೆ ಹೋಗುತ್ತಾರೆ. ಊರಲ್ಲಿ ಆರೋಗ್ಯ ಶಿಬಿರ ನಡೆಯಲಿ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬರಲಿ, 'ಅದು ಹೆಣ್ಮಕ್ಕಳ ವಿಷಯ' ಅನ್ನೋ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಹೆಂಡತಿಯ ರಿಪೋರ್ಟಿನಲ್ಲಿ 'ಎಚ್‌ಪಿವಿ ಪಾಸಿಟಿವ್', ಅಂದರೆ ಆ ಕ್ಯಾನ್ಸರ್ ತರಬಲ್ಲ ವೈರಸ್ ಇದೆ, ಎಂದು ಬಂದ ದಿನ ಮಾತ್ರ ಅದೇ ಗಂಡಸರು ಡಾಕ್ಟರ ಕೋಣೆಯೊಳಗೆ ಬರುತ್ತಾರೆ. ಬಂದವರೇ ಕೇಳುವುದು ಒಂದೇ ಪ್ರಶ್ನೆ: 'ಇದು ಎಲ್ಲಿಂದ ಬಂತು?'

ಆ ಪ್ರಶ್ನೆಗೆ ಯಾವ ಡಾಕ್ಟರೂ ಖಚಿತ ಉತ್ತರ ಕೊಡಲಾರರು. ಉತ್ತರ ಸಿಗದ ಜಾಗದಲ್ಲಿ ಅನುಮಾನ ಬಂದು ಕೂಡುತ್ತದೆ. ಮಾತು ಬೆಳೆಯುತ್ತದೆ, ತವರಿಗೆ ಫೋನ್ ಹೋಗುತ್ತದೆ. ಇಷ್ಟರ ನಡುವೆ ಮುಂದಿನ ತಪಾಸಣೆಯ ದಿನ ದಾಟಿಹೋಗಿರುತ್ತದೆ. ಹಾಗಾಗಿ ಈ ಲೇಖನ ಗಂಡಸರಿಗೆ. ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಗಂಡಂದಿರಿಗೆ, ಮದುವೆಯಾಗಲಿರುವ ಹುಡುಗರಿಗೆ, ಗಂಡುಮಕ್ಕಳ ಅಪ್ಪಂದಿರಿಗೆ.

ಎಚ್‌ಪಿವಿ ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಇದು ಒಂದೇ ವೈರಸ್ ಅಲ್ಲ, 200ಕ್ಕೂ ಜಾಸ್ತಿ ತಳಿಗಳಿರುವ ದೊಡ್ಡ ಕುಟುಂಬ. ಮಕ್ಕಳ ಕೈಬೆರಳ ಮೇಲೆ ಏಳುವ ನರುಲಿಯೂ ಇದೇ ಕುಟುಂಬದ್ದು. ಸುಮಾರು 40 ತಳಿಗಳು ಜನನಾಂಗದ ಭಾಗಕ್ಕೆ ತಗಲುತ್ತವೆ. ಅವುಗಳಲ್ಲಿ 12ರಿಂದ 14 ತಳಿಗಳು ಕ್ಯಾನ್ಸರ್ ತರಬಲ್ಲವು. 16 ಮತ್ತು 18ನೇ ನಂಬರಿನವು ಎಲ್ಲಕ್ಕಿಂತ ಕೆಟ್ಟವು. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 70ರಷ್ಟು ಇವೆರಡರಿಂದಲೇ ಆಗುತ್ತವೆ. 6 ಮತ್ತು 11 ಸಾಮಾನ್ಯವಾಗಿ ಕ್ಯಾನ್ಸರ್ ತರುವುದಿಲ್ಲ. ಆದರೆ ಗುಪ್ತಾಂಗದ ಮೇಲೆ ಏಳುವ ನರುಲಿಗಳಲ್ಲಿ ನೂರಕ್ಕೆ 90ರಷ್ಟು ಅವುಗಳಿಂದಲೇ. 1983–84ರ ಹೊತ್ತಿಗೆ ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್ ಕ್ಯಾನ್ಸರ್ ಗಡ್ಡೆಗಳೊಳಗೆ 16 ಮತ್ತು 18ನೇ ತಳಿಗಳನ್ನು ಗುರುತಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಕ್ಯಾನ್ಸರ್ ಅಂದರೆ ಹಣೆಬರಹ ಎಂದು ಕೈಚೆಲ್ಲುವ ನಮಗೆ, ಈ ಒಂದು ಕ್ಯಾನ್ಸರ್‌ಗಾದರೂ ಕಾರಣ ಗೊತ್ತಿದೆ, ತಡೆಯುವ ದಾರಿಯೂ ಗೊತ್ತಿದೆ. ಆದರೂ 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ಬಂತು. ಸುಮಾರು 80 ಸಾವಿರ ಮಂದಿ ತೀರಿಕೊಂಡರು.

ಈ ವೈರಸ್ ರಕ್ತದಲ್ಲಿ ಓಡಾಡುವುದಿಲ್ಲ. ಚರ್ಮಕ್ಕೆ ಚರ್ಮ ತಾಗಿ ದಾಟುತ್ತದೆ. ಸಂಭೋಗವೇ ಮುಖ್ಯ ದಾರಿ. ಬರೀ ಚರ್ಮದ ಉಜ್ಜಾಟದಿಂದಲೂ, ಬಾಯಿ ಅಥವಾ ಗುದದ ಮೂಲಕವೂ ದಾಟಬಹುದು. ದಾಂಪತ್ಯ ನಡೆಸುವ ಬಹುಪಾಲು ಜನರಿಗೆ, ಗಂಡಸರಿಗೂ ಹೆಂಗಸರಿಗೂ, ಬದುಕಿನಲ್ಲಿ ಒಮ್ಮೆಯಾದರೂ ಇದು ತಗಲಿಯೇ ಇರುತ್ತದೆ. ಜ್ವರ ಬರುವುದಿಲ್ಲ, ನೋವಿಲ್ಲ, ತುರಿಕೆಯಿಲ್ಲ. ನೂರಕ್ಕೆ 90 ಮಂದಿಯಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಇದನ್ನು ಹೊರಹಾಕುತ್ತದೆ. ತೊಂದರೆ ಆಗುವುದು ಉಳಿದ ಕೆಲವರಲ್ಲಿ. ಅವರಲ್ಲಿ ಕ್ಯಾನ್ಸರ್ ತರುವ ತಳಿ ವರ್ಷಗಟ್ಟಲೆ ಕೂತುಬಿಡುತ್ತದೆ. ಹಾಗೆ ಕೂತ ವೈರಸ್ ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ಚಿಕಿತ್ಸೆ ಸಿಗದಿದ್ದರೆ, 5ರಿಂದ 10 ವರ್ಷ ಸಾಕು.

ಈಗ 'ಎಲ್ಲಿಂದ ಬಂತು' ಅನ್ನೋ ಪ್ರಶ್ನೆಗೆ ಬರೋಣ. 18ಕ್ಕೆ ಮದುವೆಯಾದ ಹೆಣ್ಣುಮಗಳಿಗೆ 38ಕ್ಕೆ ಪರೀಕ್ಷೆಯಾಯಿತು, ಪಾಸಿಟಿವ್ ಬಂತು ಅಂದುಕೊಳ್ಳಿ. ಆ ವೈರಸ್ ಹೋದ ವರ್ಷ ಬಂದಿರಬಹುದು, ಇಪ್ಪತ್ತು ವರ್ಷದ ಹಿಂದೆ ಬಂದಿರಬಹುದು. ಮದುವೆಗೆ ಮುಂಚೆ ಗಂಡನಲ್ಲಿದ್ದದ್ದು ಮೊದಲ ತಿಂಗಳಲ್ಲೇ ದಾಟಿರಬಹುದು. ದೇಹ ಹತ್ತಿಕ್ಕಿ ಇಟ್ಟಿದ್ದ ವೈರಸ್, ಪರೀಕ್ಷೆಗೂ ಸಿಗದಷ್ಟು ಅಡಗಿದ್ದು, ವಯಸ್ಸಾದ ಮೇಲೆ ಮತ್ತೆ ತಲೆ ಎತ್ತಿರಬಹುದು. ರಿಪೋರ್ಟಿನಲ್ಲಿ ತಳಿಯ ನಂಬರ್ ಬರಬಹುದು, ತಾರೀಖು ಬರುವುದಿಲ್ಲ. ಯಾರಿಂದ ಯಾರಿಗೆ ಹೋಯಿತು ಅನ್ನೋದಂತೂ ಬರೋದೇ ಇಲ್ಲ. ಈ ಕಾಗದ ಹಿಡಿದು ಹೆಂಡತಿಯ ಶೀಲದ ವಿಚಾರಣೆ ಮಾಡುವುದು ಅನ್ಯಾಯ. ವಿಜ್ಞಾನದ ಲೆಕ್ಕದಲ್ಲೂ ಅದಕ್ಕೆ ಅರ್ಥವಿಲ್ಲ.

ಗಂಡಸರ ಕಡೆಯಿಂದ ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. 15 ವರ್ಷ ದಾಟಿದ ಗಂಡಸರಲ್ಲಿ ಜಗತ್ತಿನಾದ್ಯಂತ ಸುಮಾರು ಮೂವರಲ್ಲಿ ಒಬ್ಬರಿಗೆ ಯಾವುದಾದರೂ ಒಂದು ಜನನಾಂಗದ ಎಚ್‌ಪಿವಿ ಇದೆ, ಐವರಲ್ಲಿ ಒಬ್ಬರಿಗೆ ಕ್ಯಾನ್ಸರ್ ತರಬಲ್ಲ ತಳಿ ಇದೆ. 2023ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಹೇಳಿದ್ದು ಇದು. ಹೆಂಗಸರಲ್ಲಿ ಚಿಕ್ಕ ವಯಸ್ಸಿನಲ್ಲಿ ಸೋಂಕು ಜಾಸ್ತಿ, ಆಮೇಲೆ ಇಳಿಯುತ್ತದೆ. ಗಂಡಸರಲ್ಲಿ ಹಾಗೆ ಇಳಿಯುವುದಿಲ್ಲ. ಒಮ್ಮೆ ಬಂದು ಹೋದ ಮೇಲೆ ಗಂಡಸಿನ ದೇಹ ಅದರ ವಿರುದ್ಧ ಅಷ್ಟಾಗಿ ಪ್ರತಿಕಾಯ (ರೋಗದ ವಿರುದ್ಧ ಹೋರಾಡಲು ರಕ್ತದಲ್ಲಿ ಹುಟ್ಟುವ ಅಂಶ) ಬೆಳೆಸುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ತಗಲಬಹುದು. ಬ್ರೆಜಿಲ್, ಮೆಕ್ಸಿಕೋ, ಅಮೆರಿಕದ ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ ಕಂಡದ್ದು ಇದೇ.

ಇನ್ನೊಂದು ಸಂಗತಿ ನಮ್ಮ ದೇಶದ್ದೇ. ಜೀವನದಲ್ಲಿ ಗಂಡನೊಬ್ಬನನ್ನು ಬಿಟ್ಟು ಬೇರೆ ಸಂಗಾತಿಯೇ ಇಲ್ಲದ ಹೆಂಗಸರನ್ನು ಆರಿಸಿಕೊಂಡು ಮಾಡಿದ ಭಾರತೀಯ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಗಂಡನಿಗೆ ಮದುವೆಗೆ ಮುಂಚೆ ಅಥವಾ ಮದುವೆಯಾಚೆ ಸಂಬಂಧ ಇದ್ದರೆ ಆ ಹೆಂಗಸರಲ್ಲಿ ಕ್ಯಾನ್ಸರ್ ಅಪಾಯ ಏರಿತ್ತು. ಅಂದರೆ ಪತಿವ್ರತೆ ಎಂದು ನಾವು ಹಾಡಿಹೊಗಳುವ ಹೆಣ್ಣಿಗೂ ಈ ಕಾಯಿಲೆ ಬರುತ್ತದೆ, ಅವಳದೇನೂ ತಪ್ಪಿಲ್ಲದೆ. ಇದನ್ನು ಹೇಳಿದ್ದು ಗಂಡನ ಮೇಲೆ ಕೇಸು ಹಾಕಲಿ ಅಂತ ಅಲ್ಲ. ಬೆರಳು ಮಾಡಿ ತೋರಿಸುವ ಆಟ ಎರಡೂ ಕಡೆಯಿಂದ ನಿಲ್ಲಬೇಕು. ರಿಪೋರ್ಟ್ ಹೆಂಡತಿಯ ಹೆಸರಲ್ಲಿ ಬಂದರೂ ಸೋಂಕು ಇಬ್ಬರದೂ ಹೌದು. ಹಾಗಾಗಿ ಮುಂದಿನ ಜವಾಬ್ದಾರಿಯೂ ಇಬ್ಬರದು.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೂ ಎರಡು ಎಳೆ ಸೇರಿಕೊಳ್ಳುತ್ತವೆ. ಒಂದು ಬಾಲ್ಯವಿವಾಹ. ಹದಿನಾರು, ಹದಿನೇಳಕ್ಕೆ ಮದುವೆ ಮಾಡುವ ರೂಢಿ ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಆ ವಯಸ್ಸಿನಲ್ಲಿ ಗರ್ಭಕೋಶದ ಬಾಯಿಯ ಪದರ ಇನ್ನೂ ಎಳೆಯದು, ವೈರಸ್ ಸುಲಭವಾಗಿ ಹೊಕ್ಕುತ್ತದೆ. ಬೇಗ ಶುರುವಾದ ಸಂಸಾರ, ಮೇಲಿಂದ ಮೇಲೆ ಹೆರಿಗೆ, ಎರಡೂ ಅಪಾಯ ಹೆಚ್ಚಿಸುತ್ತವೆ. ಇನ್ನೊಂದು ಗುಳೆ. ಯಾದಗಿರಿ, ಸುರಪುರ, ಅಫಜಲಪುರ, ಆಳಂದ ಕಡೆಯಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವವರು ಎಷ್ಟೋ ಮಂದಿ. ಗುಳೆ ಹೋದವರೆಲ್ಲ ದಾರಿ ತಪ್ಪಿದವರು ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಚಿಂತೆ ಬೇರೆ. ಊರಲ್ಲಿ ಶಿಬಿರ ಇದ್ದಾಗ ಅವರು ಶಹರದ ಶೆಡ್ಡಿನಲ್ಲಿರುತ್ತಾರೆ. ಅಲ್ಲಿ ಪರೀಕ್ಷೆಯಾದರೆ ರಿಪೋರ್ಟ್ ಬರುವಷ್ಟರಲ್ಲಿ ಬಿತ್ತನೆಗೆ ಊರಿಗೆ ಮರಳಿರುತ್ತಾರೆ. ಎಚ್‌ಪಿವಿ ವಿಷಯದಲ್ಲಿ ಪಾಸಿಟಿವ್ ಬಂದವರು ಮತ್ತೆ ದವಾಖಾನೆಗೆ ಬರುವುದೇ ಮುಖ್ಯ. ಅದೇ ತಪ್ಪಿಹೋಗುತ್ತದೆ.

ಗಂಡಸಿನ ಸ್ವಂತ ಆರೋಗ್ಯ

'ನನಗೂ ಟೆಸ್ಟ್ ಮಾಡಿಸಬೇಕಾ?' ಬಹಳ ಗಂಡಸರ ಎರಡನೇ ಪ್ರಶ್ನೆ ಇದು. ಬೇಡ. ಗಂಡಸರ ಜನನಾಂಗದ ಎಚ್‌ಪಿವಿ ಪತ್ತೆಗೆ ದಿನನಿತ್ಯ ಬಳಸಲು ಒಪ್ಪಿದ ಪರೀಕ್ಷೆಯೇ ಇಲ್ಲ. ಪಾಸಿಟಿವ್ ಬಂದರೂ ಮಾಡುವಂಥದ್ದೇನೂ ಇಲ್ಲ, ಯಾಕೆಂದರೆ ವೈರಸ್ ಕೊಲ್ಲುವ ಔಷಧ ಗಂಡಸಿಗೂ ಇಲ್ಲ, ಹೆಂಗಸಿಗೂ ಇಲ್ಲ. ಹೆಂಗಸರಲ್ಲಿ ಚಿಕಿತ್ಸೆ ಕೊಡುವುದು ವೈರಸ್ಸಿಗಲ್ಲ, ಅದು ಮಾಡಿದ ಗಾಯಕ್ಕೆ, ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆಗೆ. ಮಾತ್ರೆ, ಇಂಜೆಕ್ಷನ್, ಗಿಡಮೂಲಿಕೆ ಕೊಟ್ಟು 'ಎಚ್‌ಪಿವಿ ಗುಣ ಮಾಡ್ತೀವಿ' ಎಂದು ಯಾರಾದರೂ ಹೇಳಿದರೆ ರೊಕ್ಕ ಕೊಡಬೇಡಿ.

ಹಾಗಂತ ಗಂಡಸಿಗೆ ಏನೂ ಆಗುವುದಿಲ್ಲ ಎಂದಲ್ಲ. ಶಿಶ್ನದ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಎಚ್‌ಪಿವಿ ಕಾರಣ. ಗುದದ ಕ್ಯಾನ್ಸರ್‌ನಲ್ಲಿ ಅದು ನೂರಕ್ಕೆ 90ರ ಹತ್ತಿರ. ಗಂಡಸರ ಜೊತೆ ಸಂಬಂಧ ಇರುವ ಗಂಡಸರಿಗೆ, ಅದರಲ್ಲೂ ಎಚ್‌ಐವಿ ಇರುವವರಿಗೆ, ಗುದದ ಕ್ಯಾನ್ಸರ್ ಅಪಾಯ ಜಾಸ್ತಿ. ನಾಚಿಕೆಯಿಂದ ಬಾಯಿ ಬಿಡದೆ ಅವರು ತಡವಾಗಿ ಬರುತ್ತಾರೆ. ಗಂಟಲಿನ ಕ್ಯಾನ್ಸರ್‌ಗೂ ಎಚ್‌ಪಿವಿಗೂ ನಂಟಿದೆ. ಅಮೆರಿಕದಂಥ ದೇಶಗಳಲ್ಲಿ ಈಗ ಅದೇ ದೊಡ್ಡ ಚಿಂತೆ. ನಮ್ಮಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಇವತ್ತಿಗೂ ಮುಖ್ಯ ಕಾರಣ ಗುಟ್ಕಾ, ತಂಬಾಕು, ಬೀಡಿ, ಜೊತೆಗೆ ಸಾರಾಯಿ. ಬಸ್ ಸ್ಟ್ಯಾಂಡಿನ ಗೋಡೆಗಳ ಕೆಂಪು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂಬಾಕು ಸೇದುವವರಲ್ಲಿ ಶಿಶ್ನದ ಕ್ಯಾನ್ಸರ್ ಅಪಾಯವೂ ಜಾಸ್ತಿ ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

ಹಾಗಾಗಿ ಟೆಸ್ಟ್ ಬದಲು ಕಣ್ಣಿಟ್ಟು ನೋಡಿಕೊಳ್ಳಿ. ಸ್ನಾನ ಮಾಡುವಾಗ ಮುಂದೊಗಲು ಹಿಂದಕ್ಕೆ ಸರಿಸಿ ಬರೀ ನೀರಿನಿಂದ ತೊಳೆಯಬೇಕು. ಇದನ್ನು ಗಂಡುಮಕ್ಕಳಿಗೆ ಅಪ್ಪಂದಿರು ಹೇಳಿಕೊಡಬೇಕು, ಯಾರೂ ಹೇಳಿಕೊಡುವುದಿಲ್ಲ. ದೊಡ್ಡವರಾದ ಮೇಲೂ ಮುಂದೊಗಲು ಸರಿಯದಿದ್ದರೆ ಡಾಕ್ಟರಿಗೆ ತೋರಿಸಬೇಕು. ಅದು ಕೂಡ ಶಿಶ್ನದ ಕ್ಯಾನ್ಸರ್‌ಗೆ ದಾರಿ ಮಾಡಿಕೊಡುತ್ತದೆ. ಹೂಕೋಸಿನ ಹಾಗೆ ಗುಂಪುಗುಂಪಾಗಿ ಎದ್ದ ನರುಲಿ, ವಾಸಿಯಾಗದ ಹುಣ್ಣು, ಗಟ್ಟಿ ಗಂಟು, ಕೆಟ್ಟ ವಾಸನೆಯ ಸ್ರಾವ, ಗುದದಿಂದ ರಕ್ತ, ಕತ್ತಿನಲ್ಲಿ ವಾರಗಟ್ಟಲೆ ಕರಗದ ಗಂಟು, ಇವು ಯಾವುದಿದ್ದರೂ ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡು ಕೂರಬೇಡಿ. ಚರ್ಮರೋಗ ಅಥವಾ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಹೋಗಿ. ನರುಲಿಗೆ ಚಿಕಿತ್ಸೆ ಇದೆ. ಮತ್ತೆ ಏಳಬಹುದು, ಮತ್ತೆ ತೆಗೆಯಬಹುದು. ಅದು ಕ್ಯಾನ್ಸರ್ ಅಲ್ಲ.

ಆ ನಾಲ್ಕು ವಾರ

ಹೆಂಡತಿ ಪರೀಕ್ಷೆಗೆ ಹೋದಾಗ ಒಳಗೆ ಏನಾಗುತ್ತದೆ ಅನ್ನೋದು ಹೆಚ್ಚಿನ ಗಂಡಂದಿರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಒಳ್ಳೆಯದು, ಯಾಕೆಂದರೆ ಮುಂದೆ ಅವರ ಪಾತ್ರ ಶುರುವಾಗುವುದೇ ಅಲ್ಲಿ.

ಸರ್ಕಾರಿ ವ್ಯವಸ್ಥೆಯಲ್ಲಿ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕಾದ ಪರೀಕ್ಷೆಗೆ ವಿಐಎ ಎನ್ನುತ್ತಾರೆ. ಪರದೆ ಹಾಕಿದ ಮೇಜಿನ ಮೇಲೆ ಮಲಗಿಸಿ, ಸಣ್ಣ ಉಪಕರಣವೊಂದರಿಂದ ಗರ್ಭಕೋಶದ ಬಾಯಿ ಕಾಣುವಂತೆ ಮಾಡುತ್ತಾರೆ. ಹತ್ತಿಯ ಉಂಡೆಯನ್ನು 3ರಿಂದ 5 ಪರ್ಸೆಂಟ್ ಅಸಿಟಿಕ್ ಆಸಿಡ್‌ನಲ್ಲಿ ಅದ್ದಿ ಸವರುತ್ತಾರೆ. ಅಡುಗೆಮನೆಯ ವಿನೆಗರ್ ಇದೆಯಲ್ಲ, ಅದೇ. ಒಂದು ನಿಮಿಷ ಕಾಯುತ್ತಾರೆ. ಆರೋಗ್ಯವಾಗಿರುವ ಜಾಗ ಗುಲಾಬಿ ಬಣ್ಣದಲ್ಲೇ ಉಳಿಯುತ್ತದೆ. ಬದಲಾದ ಜಾಗ ದಟ್ಟ ಬಿಳಿಯಾಗಿ ಎದ್ದು ಕಾಣುತ್ತದೆ. ಇಷ್ಟೇ ಪರೀಕ್ಷೆ. ಇದಕ್ಕಿಂತ ನಿಖರವಾದದ್ದು ಎಚ್‌ಪಿವಿ ಡಿಎನ್‌ಎ ಪರೀಕ್ಷೆ. ಅದಕ್ಕೆ ಬೇಕಾದ ಮಾದರಿಯನ್ನು ಹೆಂಗಸು ತಾನೇ, ಪರದೆಯ ಹಿಂದೆ, ಮೆತ್ತನೆಯ ಬ್ರಶ್ಶಿನಿಂದ ತೆಗೆದು ಕೊಡಬಹುದು. ಬೇರೆಯವರ ಮುಂದೆ ಮಲಗಲು ಸಂಕೋಚಪಡುವ ನಮ್ಮ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ, ಹಳ್ಳಿ ಹಳ್ಳಿಗೆ ಬರಬೇಕಾದದ್ದು ಇದೇ ಎಂದು ನನ್ನ ಅನಿಸಿಕೆ.

ಎಚ್‌ಪಿವಿ ಪರೀಕ್ಷೆಯ ಬಲ ಗೊತ್ತಾದದ್ದು ನಮ್ಮ ಪಕ್ಕದ ಊರುಗಳಿಂದಲೇ. ಆಳಂದ, ಬಸವಕಲ್ಯಾಣದ ಗಡಿ ದಾಟಿದರೆ ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆ. ಅಲ್ಲಿನ ಹಳ್ಳಿಗಳಲ್ಲಿ 1.3 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಜೀವನದಲ್ಲಿ ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಹಳ್ಳಿಗಳಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಅವರೂ ಜೋಳ, ತೊಗರಿ ಹೊಲದಲ್ಲಿ ದುಡಿಯುವ ನಮ್ಮಂಥವರೇ. ಅಷ್ಟು ಹತ್ತಿರದಲ್ಲಿ ಸಾಬೀತಾದ ಸಂಗತಿ ಗಡಿ ದಾಟಿ ನಮ್ಮ ತಾಲ್ಲೂಕುಗಳಿಗೆ ಬರಲು ಇಷ್ಟು ವರ್ಷ ಬೇಕಾ ಎಂದು ಹೊಟ್ಟೆ ಉರಿಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.

ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದಲ್ಲ. ಹತ್ತಿರದಿಂದ ನೋಡುತ್ತಾರೆ, ಬೇಕಾದರೆ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಮುಂಚಿನ ಹಂತದ ಬದಲಾವಣೆ ಇದ್ದರೆ ಆ ಜಾಗವನ್ನು ಬಿಸಿಯಿಂದಲೋ ತಣ್ಪಿನಿಂದಲೋ ಸುಡುತ್ತಾರೆ, ಇಲ್ಲವೇ ಸಣ್ಣ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯುತ್ತಾರೆ. ಬಿಸಿ ಚಿಕಿತ್ಸೆ ಕೆಲವೇ ನಿಮಿಷದ ಕೆಲಸ. ಅಂದೇ ಮನೆಗೆ ಬರಬಹುದು.

ಮನೆಗೆ ಬಂದ ಮೇಲಿನದು ಗಂಡನ ಕೈಯಲ್ಲಿದೆ. ಆ ಜಾಗದಲ್ಲಿ ಹಸಿ ಗಾಯ ಇರುತ್ತದೆ. ಮೂರ್ನಾಲ್ಕು ವಾರ ನೀರಿನಂಥ ಸ್ರಾವ ಹೋಗುತ್ತದೆ. ಅಲ್ಲಿಯ ತನಕ, ಅಂದರೆ ಸುಮಾರು ನಾಲ್ಕು ವಾರ, ಸಂಭೋಗ ಬೇಡ ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಹೇಳುವುದು ಯಾರಿಗೆ? ಹೆಂಡತಿಗೆ. ಗಂಡ ಹೊರಗೆ ಚಹಾ ಅಂಗಡಿಯಲ್ಲಿರುತ್ತಾನೆ. ರಾತ್ರಿ 'ಬೇಡ' ಎನ್ನುವ ಹೊಣೆ ಅವಳ ಮೇಲೆ ಬೀಳುತ್ತದೆ. ಎಷ್ಟು ಮನೆಗಳಲ್ಲಿ ಆ 'ಬೇಡ' ನಡೆಯುತ್ತದೆ, ನೀವೇ ಹೇಳಿ. ಗಾಯ ಮಾಯುವ ಮುಂಚೆ ಕೂಡಿದರೆ ರಕ್ತಸ್ರಾವ, ಸೋಂಕು ಆಗಬಹುದು. ಅವಳಿಗೆ ಎಚ್‌ಐವಿ ಇದ್ದರೆ ಗಂಡನಿಗೆ ತಗಲುವ ಅಪಾಯವೂ, ಗಂಡನಿಗೆ ಇದ್ದರೆ ಅವಳಿಗೆ ತಗಲುವ ಅಪಾಯವೂ ಆ ದಿನಗಳಲ್ಲಿ ಜಾಸ್ತಿ. ಹಾಗಾಗಿ ಚಿಕಿತ್ಸೆಯ ದಿನ ಗಂಡ ಒಳಗೆ ಬರಬೇಕು, ಈ ಮಾತನ್ನು ಸ್ವಂತ ಕಿವಿಯಿಂದ ಕೇಳಬೇಕು. ಡಾಕ್ಟರುಗಳಲ್ಲೂ ಸಿಸ್ಟರುಗಳಲ್ಲೂ ನನ್ನ ಬಿನ್ನಹ ಇಷ್ಟೇ: ದಯವಿಟ್ಟು ಗಂಡನನ್ನು ಕರೆಸಿ ಹೇಳಿ.

ಆಮೇಲಿನ ದಿನಗಳಿಗೆ ಕಾಂಡೋಮ್ ಒಳ್ಳೆಯದು. ಎಚ್‌ಪಿವಿಯನ್ನು ಕಾಂಡೋಮ್ ಪೂರ್ತಿ ತಡೆಯುವುದಿಲ್ಲ, ಅದು ಮುಚ್ಚದ ಚರ್ಮದಿಂದಲೂ ವೈರಸ್ ದಾಟುತ್ತದೆ. ಆದರೆ ಕಡಿಮೆ ಮಾಡುತ್ತದೆ. 2003ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ, ಆರಂಭದ ಬದಲಾವಣೆ ಇದ್ದ ಹೆಂಗಸರ ಪೈಕಿ ಕಾಂಡೋಮ್ ಬಳಸಿದ ದಂಪತಿಗಳಲ್ಲಿ ಆ ಬದಲಾವಣೆ ತಾನೇ ವಾಸಿಯಾಗುವುದು, ವೈರಸ್ ಹೊರಟುಹೋಗುವುದು ಹೆಚ್ಚಾಗಿ ಕಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ನಿರೋಧ್ ಪುಕ್ಕಟೆ ಸಿಗುತ್ತದೆ. ಬೀಡಿ, ಸಿಗರೇಟು ಬಿಡುವುದಕ್ಕೂ ಇದೇ ಸರಿಯಾದ ಹೊತ್ತು. ಬಹಳ ವರ್ಷದಿಂದ ಜೊತೆಗಿರುವ ಗಂಡಹೆಂಡಿರು ಸಾಮಾನ್ಯವಾಗಿ ಒಂದೇ ತಳಿಯನ್ನು ಈಗಾಗಲೇ ಹಂಚಿಕೊಂಡಿರುತ್ತಾರೆ. 'ಅವಳಿಂದ ನನಗೆ ಬರುತ್ತದೆ' ಎಂದು ಹಾಸಿಗೆ ಬೇರೆ ಮಾಡುವುದು, ಅಪ್ಪಿಕೊಳ್ಳಲೂ ಹೆದರುವುದು, ತಟ್ಟೆ ಲೋಟ ಬೇರೆ ಇಡುವುದು, ಯಾವುದೂ ಬೇಕಿಲ್ಲ. ತಟ್ಟೆ ಲೋಟದಿಂದ ಇದು ಹರಡುವುದಿಲ್ಲ.

ಲಸಿಕೆ: ಮಗಳಿಗೂ, ಮಗನಿಗೂ

ಎಚ್‌ಪಿವಿ ತಡೆಯುವ ಲಸಿಕೆಯ ಮಾತು ಬಂದರೆ ನಮ್ಮ ದೇಶದಲ್ಲಿ ಎಲ್ಲರ ಕಣ್ಣೂ ಹುಡುಗಿಯರ ಮೇಲೆ. 2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ್ದೂ 9ರಿಂದ 14 ವರ್ಷದ ಹುಡುಗಿಯರ ಬಗ್ಗೆಯೇ. ಇದಕ್ಕೆ ಕಾರಣ ಇದೆ. ವಿಶ್ವ ಆರೋಗ್ಯ ಸಂಸ್ಥೆಯೂ ಮೊದಲು ಆ ವಯಸ್ಸಿನ ಹುಡುಗಿಯರಿಗೇ ಕೊಡಿ ಎನ್ನುತ್ತದೆ. ಸಾಯುತ್ತಿರುವವರು ಹೆಚ್ಚಾಗಿ ಹೆಂಗಸರು. ಬಹುಪಾಲು ಹುಡುಗಿಯರಿಗೆ ಲಸಿಕೆ ಆದರೆ ವೈರಸ್ ಓಡಾಟವೇ ಕಡಿಮೆಯಾಗಿ ಹುಡುಗರಿಗೂ ರಕ್ಷಣೆ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ಹುಡುಗಿಯರಿಗೆ ಶುರು ಮಾಡಿದರು. ಹುಡುಗರಿಗೆ ಕೊಟ್ಟದ್ದು 2013ರಿಂದ. ಆದರೆ ಅದಕ್ಕೂ ಮುಂಚೆಯೇ ಅಲ್ಲಿನ ಯುವಕರಲ್ಲಿ ಗುಪ್ತಾಂಗದ ನರುಲಿ ಇಳಿಯತೊಡಗಿತ್ತು.

ಈ ಲೆಕ್ಕ ಹೊಂದುವುದು ಬಹುಪಾಲು ಹುಡುಗಿಯರಿಗೆ ಲಸಿಕೆ ಆದಾಗ ಮಾತ್ರ. ನಮ್ಮ ಕಡೆ ಅಷ್ಟು ಬೇಗ ಆ ಮಟ್ಟ ಮುಟ್ಟುತ್ತೇವೆ ಎಂದು ನಂಬಲು ನನಗೆ ಧೈರ್ಯವಿಲ್ಲ. ಶಾಲೆ ಬಿಟ್ಟ ಹುಡುಗಿ, ಅಪ್ಪ ಅಮ್ಮನ ಜೊತೆ ಗುಳೆ ಹೋದ ಹುಡುಗಿ ಶಾಲೆಯ ಲಸಿಕೆ ಪಟ್ಟಿಯಲ್ಲಿ ಸಿಗುವುದಿಲ್ಲ. ಹಾಗಾಗಿ ರೊಕ್ಕ ಹೊಂದಿಸಬಲ್ಲ ಅಪ್ಪಂದಿರು ಮಗನ ಬಗ್ಗೆಯೂ ಯೋಚಿಸಬೇಕು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ ಎಂಬ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. 6, 11, 16, 18, ಈ ನಾಲ್ಕೂ ತಳಿಗಳ ವಿರುದ್ಧ ಕೆಲಸ ಮಾಡುತ್ತದೆ. 9ರಿಂದ 26 ವರ್ಷದ ಹುಡುಗಿಯರಿಗೂ ಹುಡುಗರಿಗೂ ಕೊಡಬಹುದು. ಕಂಪನಿಯ ಸೂಚನೆಯಂತೆ 9ರಿಂದ 14ರವರೆಗೆ ಎರಡು ಡೋಸ್, 15 ದಾಟಿದರೆ ಮೂರು. ಮಾರುಕಟ್ಟೆಗೆ ಬಂದಾಗ ಒಂದು ಡೋಸ್‌ಗೆ ಸುಮಾರು 2,000 ರೂಪಾಯಿ ಇತ್ತು. ಇದು ಬಡ ಮನೆಗೆ ಸಣ್ಣ ಮೊತ್ತವಲ್ಲ. ಒಬ್ಬರಿಗೆ ಮಾತ್ರ ಆಗುತ್ತದೆ ಎಂದಾದರೆ ಮೊದಲು ಮಗಳಿಗೆ ಹಾಕಿಸಿ, ಇದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಇಬ್ಬರಿಗೂ ಆಗುತ್ತದೆ ಎಂದರೆ ಮಗನನ್ನು ಬಿಡಬೇಡಿ. ವೈರಸ್ ಇನ್ನೂ ತಗಲದ ಗಂಡಸರ ಮೇಲೆ ಇಂಥದೇ ನಾಲ್ಕು ತಳಿಯ ಲಸಿಕೆಯ ಪರೀಕ್ಷೆ ನಡೆದಿತ್ತು. 2011ರಲ್ಲಿ ಅದರ ಫಲಿತಾಂಶ ಬಂತು. ಈ ತಳಿಗಳಿಂದ ಗುಪ್ತಾಂಗದ ಮೇಲೆ ಏಳುವ ನರುಲಿ, ಗಾಯಗಳನ್ನು ನೂರಕ್ಕೆ 90ರಷ್ಟು ತಡೆದಿತ್ತು.

'ವೈರಸ್ ಇನ್ನೂ ತಗಲದ' ಅನ್ನೋದನ್ನು ಗಮನಿಸಿ. ಲಸಿಕೆ ಮುಂದೆ ಬರುವುದನ್ನು ತಡೆಯುತ್ತದೆ, ಒಳಗೆ ಬಂದದ್ದನ್ನು ಓಡಿಸುವುದಿಲ್ಲ. ಹೆಂಡತಿ ಪಾಸಿಟಿವ್ ಬಂದ ಮೇಲೆ 40ರ ಗಂಡ ಓಡಿಹೋಗಿ ಹಾಕಿಸಿಕೊಂಡರೆ ಹೇಳಿಕೊಳ್ಳುವಂಥ ಲಾಭವಿಲ್ಲ. ಆ ರೊಕ್ಕವನ್ನು ಮಕ್ಕಳಿಗೆ ಇಡಿ. ಮದುವೆಗೆ ಮುಂಚೆ, ಸಂಬಂಧ ಶುರುವಾಗುವ ಮುಂಚೆ ಕೊಟ್ಟದ್ದೇ ಲಸಿಕೆ. 'ಇಷ್ಟು ಸಣ್ಣವನಿಗೆ ಇದೆಲ್ಲ ಯಾಕೆ' ಎನ್ನುವವರಿಗೆ ಉತ್ತರ ಅದು.

ಹೆದರಿಕೆಯ ಮಾತು ನಮ್ಮ ಕಡೆ ಇನ್ನೂ ಉಳಿದಿದೆ, ಅದನ್ನು ತಳ್ಳಿಹಾಕಲಾಗದು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಸಾವಿರಾರು ಹುಡುಗಿಯರಿಗೆ ಪ್ರಾಯೋಗಿಕವಾಗಿ ಲಸಿಕೆ ಕೊಟ್ಟರು. ಕೆಲವು ಹುಡುಗಿಯರು ತೀರಿಕೊಂಡ ಸುದ್ದಿ ಬಂದು, 2010ರಲ್ಲಿ ಸರ್ಕಾರ ಯೋಜನೆ ನಿಲ್ಲಿಸಿತು. ತನಿಖೆಯಲ್ಲಿ ಸಾವುಗಳಿಗೆ ಲಸಿಕೆ ಕಾರಣ ಎಂದು ಸಾಬೀತಾಗಲಿಲ್ಲ. ಆದರೆ ಅಪ್ಪ ಅಮ್ಮನ ಒಪ್ಪಿಗೆಯನ್ನು ಸರಿಯಾಗಿ ಪಡೆದಿರಲಿಲ್ಲ ಅನ್ನೋದು ಖರೆ. 2013ರಲ್ಲಿ ಸಂಸದೀಯ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಜನ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ನಿಲುಗಡೆಯಿಂದ ಯಾರೂ ಎಣಿಸದ ಒಂದು ಒಳ್ಳೆಯದೂ ಆಯಿತು. ಅದೇ ಹೊತ್ತಿಗೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯೂ ಸೇರಿ ದೇಶದ ಹಲವೆಡೆ ಎರಡು ಡೋಸ್ ಸಾಕಾ, ಮೂರು ಬೇಕಾ ಎಂದು ಬೇರೊಂದು ಅಧ್ಯಯನ ನಡೆದಿತ್ತು. ಅದೂ ಅರ್ಧಕ್ಕೆ ನಿಂತಿತು. ಬಹಳ ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ವಿಜ್ಞಾನಿಗಳು ಅವರನ್ನು ಬಿಡದೆ ವರ್ಷಗಟ್ಟಲೆ ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಹತ್ತು ವರ್ಷದ ನಂತರವೂ 16 ಮತ್ತು 18ನೇ ತಳಿ ದೇಹದಲ್ಲಿ ಬೇರೂರುವುದನ್ನು ಒಂದೇ ಡೋಸ್ ನೂರಕ್ಕೆ 95ರಷ್ಟು ತಡೆದಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 20 ವರ್ಷದೊಳಗಿನವರಿಗೆ ಒಂದು ಡೋಸ್ ಸಹ ಆಗಬಹುದು ಎಂದು ಹೇಳಲು ಇಂಥ ಅಧ್ಯಯನಗಳೇ ಆಧಾರ. ಜಗತ್ತಿನ ಬಡದೇಶಗಳಿಗೆಲ್ಲ ಲಸಿಕೆ ಅಗ್ಗವಾಗುವ ದಾರಿ ತೋರಿಸಿದವರಲ್ಲಿ ಕಲಬುರಗಿಯಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದ ಹಳ್ಳಿ ಹುಡುಗಿಯರೂ ಇದ್ದಾರೆ.

ಸಹಿ ಹಾಕುವ ಮುಂಚೆ

ಇದೊಂದನ್ನು ಕಲಬುರಗಿಯವರಿಗೆ ಹೇಳದೆ ಮುಗಿಸಲು ಮನಸ್ಸಿಲ್ಲ. 2015ರ ಹೊತ್ತಿಗೆ ನಮ್ಮ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದ ಪ್ರಕರಣ ಹೊರಗೆ ಬಂತು. ಹೊಟ್ಟೆನೋವು, ಬಿಳಿಸೆರಗು, ಮುಟ್ಟಿನ ತೊಂದರೆ ಎಂದು ಹೋದವರಿಗೆ 'ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ' ಎಂದು ಹೆದರಿಸಿದ್ದರು. ಅವರಲ್ಲಿ ಅನೇಕರು 40 ದಾಟದವರು. ತನಿಖೆ ನಡೆಯಿತು, ಹೆಣ್ಣುಮಕ್ಕಳು ಬೀದಿಗಿಳಿದು ಪ್ರತಿಭಟಿಸಿದರು. ಎಚ್‌ಪಿವಿ ಪರೀಕ್ಷೆ ಹಳ್ಳಿಗಳಿಗೆ ಬರುವ ಈ ಹೊತ್ತಿನಲ್ಲಿ ಅದೇ ಹೆದರಿಕೆಯನ್ನು ಮತ್ತೆ ಬಳಸಿಕೊಳ್ಳುವವರು ಇರುವುದಿಲ್ಲ ಎಂದು ಹೇಳಲಾಗದು.

ಎಚ್‌ಪಿವಿ ಪಾಸಿಟಿವ್ ಅನ್ನೋದು ಗರ್ಭಕೋಶ ತೆಗೆಯಲು ಕಾರಣವೇ ಅಲ್ಲ. ಬಿಳಿಸೆರಗೂ ಕಾರಣವಲ್ಲ. ಆದರೆ ಕೂಡಿದ ಮೇಲೆ ರಕ್ತ ಹೋದರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಕೆಟ್ಟ ವಾಸನೆಯ ಸ್ರಾವ ಇದ್ದರೆ ಒಂದು ವಾರವೂ ತಡ ಮಾಡದೆ ತೋರಿಸಬೇಕು. ಇವುಗಳಲ್ಲಿ ಮೊದಲನೆಯದು ಗಂಡನಿಗೂ ಗೊತ್ತಾಗುವ ಲಕ್ಷಣ. ಅವಳು ನಾಚಿ ಹೇಳದಿದ್ದರೆ ನೀವೇ ಕರೆದುಕೊಂಡು ಹೋಗಿ.

ಆಪರೇಷನ್ ಒಪ್ಪಿಗೆ ಪತ್ರದಲ್ಲಿ ನಮ್ಮ ಕಡೆ ಗಂಡನ ಸಹಿಯನ್ನೂ ಕೇಳುತ್ತಾರೆ. ಕ್ಯಾನ್ಸರ್ ಹೆಸರು ಹೇಳಿ ಗರ್ಭಕೋಶ ತೆಗೆಯಬೇಕು ಎಂದರೆ ಪೆನ್ನು ಹಿಡಿಯುವ ಮುಂಚೆ ಬಯಾಪ್ಸಿ ರಿಪೋರ್ಟ್ ಕೇಳಿ. ಅದರ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ. ಕ್ಯಾನ್ಸರ್ ಮುಂಚಿನ ಹಂತ ಎಂದಿದ್ದರೆ ಗರ್ಭಕೋಶ ಉಳಿಸಿ ಚಿಕಿತ್ಸೆ ಆಗುತ್ತದಾ ಎಂದು ಕೇಳಿ, ಹೆಚ್ಚಿನ ಸಲ ಆಗುತ್ತದೆ. ಕ್ಯಾನ್ಸರ್ ಎಂದೇ ಇದ್ದರೆ ಅದು ಯಾವ ಹಂತ ಎಂದು ಕೇಳಿ. ಯಾಕೆಂದರೆ ಬೆಳೆದ ಹಂತದಲ್ಲಿ ಆಪರೇಷನ್‌ಗಿಂತ ರೇಡಿಯೇಷನ್ ಮತ್ತು ಕಿಮೊಥೆರಪಿಯೇ ಸರಿಯಾದ ಚಿಕಿತ್ಸೆ, ಅರೆಬರೆ ಆಪರೇಷನ್ ಮಾಡಿದರೆ ಕೆಡುಕೇ ಜಾಸ್ತಿ. ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗಗಳಿವೆ. ಹೋಗುವಾಗ ಹಳೆಯ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ, ಬಯಾಪ್ಸಿಯ ಗಾಜಿನ ಸ್ಲೈಡ್‌ಗಳನ್ನೂ ಕೇಳಿ ತೆಗೆದುಕೊಳ್ಳಿ. ಅವುಗಳಿದ್ದರೆ ಇನ್ನೊಂದು ಕಡೆ ಮತ್ತೆ ಮಾಂಸ ತೆಗೆಯದೆ ಪರೀಕ್ಷಿಸಬಹುದು.